ಅಸ್ತರು ಹಾಕಿದ ಕಾರು

ನಮ್ಮ ಮನೆಯಲ್ಲಿ ಯಾರೂ ಮೆತ್ತಗೆ ಮಾತಾಡುತ್ತಿರಲಿಲ್ಲ. ಮಿಷನ್ನುಗಳ ಸದ್ದಿಗೆ ಹಾಗೆ ಅಭ್ಯಾಸವಾಗಿದೆ ಎಂದು ಅಪ್ಪ ಬಂದ ನೆಂಟರಿಗೆ ಹೇಳುತ್ತಿದ್ದ. ಅದು ಶುದ್ಧ ಸುಳ್ಳು. ಹಬ್ಬದ ದಿನ ಮಿಷನ್ನುಗಳಿಗೆ ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ ನಿಲ್ಲಿಸಿದಾಗಲೂ ನಾವು ಹಾಗೆಯೇ ಕೂಗಾಡುತ್ತಿದ್ದೆವು. ರಾಯದುರ್ಗದ ಬೆಟ್ಟದ ಬುಡದ ಓಣಿಯಲ್ಲಿ ಉದ್ದಕ್ಕೆ ಸುರಂಗದ ಹಾಗೆ ಕಟ್ಟಿದ ಮನೆ ಅದು. ಮುಂದಿನ ಪಡಸಾಲೆಯಲ್ಲಿ ಸಾಲಾಗಿ ಮಿಷನ್ನುಗಳು, ನಡುಮನೆಯಲ್ಲಿ ಅಪ್ಪ ಬಟ್ಟೆ ಕತ್ತರಿಸುವ ದೊಡ್ಡ ಟೇಬಲ್ಲು, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಮಲಗಲು ಬೇರೆ ಕೋಣೆ ಇರಲಿಲ್ಲ. ಟೇಬಲ್ಲಿನ ಕೆಳಗೆ ಚೂರುಬಟ್ಟೆಯ ಮೂಟೆಗಳಿದ್ದವು, ಅವುಗಳ ಮೇಲೆ ನಾನು ಮಲಗುತ್ತಿದ್ದೆ. ಇಂಥದ್ದನ್ನು ಬರೆಯುವವರು ಬಾಲ್ಯ ಎಷ್ಟು ಬೆಚ್ಚಗಿತ್ತು ಎಂದು ಬರೆಯುತ್ತಾರೆ. ನನಗೆ ನೆನಪಿರುವುದು ಮೂಗಿಗೆ ತುಂಬುತ್ತಿದ್ದ ನೂಲಿನ ಧೂಳು, ತಲೆಯ ಮೇಲೆ ನಡೆಯುತ್ತಿದ್ದ ಜಗಳ.

ಜಗಳ ಹೆಚ್ಚಾಗಿ ಹುಟ್ಟುತ್ತಿದ್ದದ್ದು ಊಟಕ್ಕೆ ಕೂತಾಗ. ಅವ್ವ ಮಡಕಶಿರಾ ಕಡೆಯವಳು, ಹೇಮಾವತಿಗೆ ಹತ್ತಿರದ ಹಳ್ಳಿ. ಶೇಂಗಾ, ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆ. ಅವಳು ಮುದ್ದೆ ಕಟ್ಟಿದರೆ ಅಪ್ಪ ತಟ್ಟೆಯನ್ನು ಕಾಲಿನಿಂದ ಸರಿಸುತ್ತಿದ್ದ. ರೊಟ್ಟಿ ತಟ್ಟಿದರೆ ಅದು ರೊಟ್ಟಿಯಲ್ಲ, ತೇಪೆ ಎನ್ನುತ್ತಿದ್ದ. ಅವಳ ಮಾತಿಗಂತೂ ಮದುವೆಯಾದ ದಿನದಿಂದಲೂ ಬಿಡುವಿಲ್ಲದ ಅಣಕ. 'ಐತೆ ಕಣಣ್ಣ, ಬತ್ತೀನಿ ಕಣಣ್ಣ' ಎಂದು ಅವಳ ರಾಗದಲ್ಲೇ ಹೇಳಿ ತೋರಿಸಿ, ಹೊಲಿಯುತ್ತಿದ್ದವರನ್ನೆಲ್ಲ ನಗಿಸುತ್ತಿದ್ದ. ಆ ದಿನ ಅವ್ವನ ಕೈಯಿಂದ ಸಾರಿಗೆ ಉಪ್ಪು ಜಾಸ್ತಿ ಬೀಳುತ್ತಿತ್ತು. ಅಪ್ಪನಿಗೆ ಹೆದರಿ ಎಲ್ಲರೂ ಅದನ್ನು ಚಪ್ಪರಿಸಿಕೊಂಡು ಉಣ್ಣುತ್ತಿದ್ದರು.

ನಗದೆ ಇರುತ್ತಿದ್ದವನು ಅಪ್ಪನ ತಮ್ಮ ವೀರೇಶ ಚಿಕ್ಕಪ್ಪ ಒಬ್ಬನೇ. ಅವ್ವನ ಮೇಲಿನ ಕರುಣೆಯಿಂದಲ್ಲ. ಅವನ ತಲೆ ಬೇರೆ ಕಡೆ ಇರುತ್ತಿತ್ತು. ಹೊಲಿದ ಬಟ್ಟೆಯ ಮೂಟೆಗಳನ್ನು ಟೆಂಪೋದಲ್ಲಿ ಬಳ್ಳಾರಿಗೆ ಹಾಕಿ ಬರುವ ಕೆಲಸ ಅವನದು, ಉಳಿದ ಹೊತ್ತೆಲ್ಲ ಮಿಷನ್ನು. ಬಳ್ಳಾರಿಯಲ್ಲಿ ಗ್ಯಾರೇಜಿನವರ ಸ್ನೇಹ ಬೆಳೆದು, ಊರಾಚೆಯ ಬಯಲಿನಲ್ಲಿ ನಡೆಯುವ ಕಾರಿನ ಓಟದ ಹುಚ್ಚು ಹತ್ತಿಸಿಕೊಂಡಿದ್ದ. ಮಣ್ಣಿನ ದಾರಿ, ಅಡ್ಡಾದಿಡ್ಡಿ ತಿರುವು. ಒಂದೊಂದೇ ಕಾರು ಓಡುತ್ತದೆ, ಯಾರು ಬೇಗ ಸುತ್ತಿ ಬರುತ್ತಾರೋ ಅವರು ಗೆದ್ದ ಹಾಗೆ. ಒಂದು ಮಧ್ಯಾಹ್ನ, ಶಾಲೆಯ ಸಮವಸ್ತ್ರದ ರಾಶಿ ಇನ್ನೂ ಅರ್ಧ ಉಳಿದಿರುವಾಗ, ಚಿಕ್ಕಪ್ಪ ಮಿಷನ್ನಿನಿಂದ ಎದ್ದು ನಿಂತ.

"ಅಣ್ಣಾ, ನಾ ಇನ್ನ ಹೊಲಿಯಂಗಿಲ್ಲ. ಗ್ಯಾರೇಜ್ ಹಾಕ್ತೀನಿ. ಕಾರ್ ಓಡಸ್ತೀನಿ."

ಅಪ್ಪ ಕತ್ತರಿ ಕೆಳಗಿಡಲಿಲ್ಲ.

"ಓಡ್ಸು. ಬ್ಯಾಡ ಅಂದವ್ರು ಯಾರು? ಒಂದ ಸಲ ಓಡ್ಸು. ಮೊದಲನೇದವ ಆಗಿ ಬಂದಿ ಅಂದ್ರ ನಿನ್ನ ದಾರಿ ನಿಂದು, ನಾ ಕೇಳಂಗಿಲ್ಲ. ಸೋತಿ ಅಂದ್ರ ಸಾಯೋ ತನಕ ಆ ಮಿಷನ್ ಮ್ಯಾಗ ಕುಂದ್ರಬೇಕು. ಎಲ್ರ ಮುಂದ ಹೇಳೀನಿ ನೋಡು."

ಎಲ್ಲರ ಮುಂದೆ ಎಂದದ್ದರಲ್ಲೇ ಇತ್ತು ಕಿತಾಪತಿ. ಚಿಕ್ಕಪ್ಪ ಸೋಲುತ್ತಾನೆ, ಆಮೇಲೆ ಜೀವಮಾನವಿಡೀ ತಗ್ಗಿಸಿದ ತಲೆ ಎತ್ತುವುದಿಲ್ಲ ಎಂಬ ಲೆಕ್ಕಾಚಾರ ಅಪ್ಪನದು. ಇದು ಅಪ್ಪನ ಔದಾರ್ಯ ಎಂದು ಓಣಿಯವರು ಹೊಗಳಿದರು. ಹೊಗಳುವವರಿಗೆ ಏನು, ಬಾಯಿಗೆ ತೆರಿಗೆ ಇಲ್ಲ.

ಮೊದಲು ಕಾರು ಬೇಕಲ್ಲ. ಓಟಕ್ಕೆಂದೇ ತಯಾರಾದ ಕಾರನ್ನು ತರುವ ಶಕ್ತಿ ನಮ್ಮಂಥವರಿಗೆಲ್ಲಿಂದ ಬರಬೇಕು? ಯಾವುದಾದರೂ ಹಳೆಯ ಕಾರನ್ನು ಹಿಡಿದು ಓಟಕ್ಕೆ ಹದ ಮಾಡಬೇಕಿತ್ತು. ಆರಿಸುವುದರಲ್ಲೂ ಅಪ್ಪ ಕೈ ಹಾಕಿದ. ಕಣೇಕಲ್ಲಿನಲ್ಲಿ ಭತ್ತದ ವ್ಯಾಪಾರಿಯೊಬ್ಬನ ಮನೆಯ ಮುಂದೆ ನಿಂತಿದ್ದ ದೊಡ್ಡ ಕಾರೊಂದನ್ನು ನೋಡಿ ಬಂದು ಅದೇ ಆಗಬೇಕೆಂದ. ಇಡೀ ಕುಟುಂಬ ಕೂತು ತಿರುಪತಿಗೆ ಹೋಗಿಬರಬಹುದಾದ ಗಾಡಿ ಅದು. ಅಪ್ಪ ಬಟ್ಟೆ ಹೊಲಿಯುವುದೂ ಹಾಗೆಯೇ. ಬೆಳೆಯುವ ಮಕ್ಕಳಿಗೆ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟು, ಅಳತೆಗಿಂತ ದೊಡ್ಡದು ಮಾಡಿ ಕೊಡುತ್ತಿದ್ದ. ನಾನು ಶಾಲೆಗೆ ಹೋದಷ್ಟು ದಿನವೂ ನನ್ನ ಮೈಗೆ ಸರಿಯಾದ ಒಂದು ಅಂಗಿಯನ್ನೂ ತೊಟ್ಟವಳಲ್ಲ. ತೋಳು ಬೆರಳು ದಾಟುತ್ತಿತ್ತು, ಹೆಗಲು ಮೊಣಕೈಗೆ ಜಾರುತ್ತಿತ್ತು, ಕ್ಲಾಸಿನಲ್ಲಿ ನನ್ನ ಹೆಸರು ಗೋಣಿಚೀಲ.

"ದೊಡ್ಡ ಎಂಜಿನ್ ಐತಿ, ಗಟ್ಟಿ ಐತಿ. ಇನ್ನೇನ್ ಬೇಕಲೇ ನಿನಗ?" ಎಂದ ಅಪ್ಪ.

"ಎಂಜಿನ್ ದೊಡ್ಡದೈತಿ, ಅದು ಎಳಿಯೋ ಮೈ ಇನ್ನೂ ದೊಡ್ಡದೈತಿ," ಎಂದ ಚಿಕ್ಕಪ್ಪ. "ಇದು ನೆಟ್ಟಗ ಓಡೋ ಆಟ ಅಲ್ಲಣ್ಣ. ಬಗ್ಗಿ ಹೊಳ್ಳೋ ಆಟ. ತಿರುವಿನಾಗ ಭಾರ ಇದ್ದದ್ದು ಹೊರಗ ಎಳೀತೈತಿ. ನಿಲ್ಸಾಕೂ ತ್ರಾಸು, ಮತ್ತ ಎಬ್ಸಾಕೂ ತ್ರಾಸು. ಎಂಜಿನ್ ಸಣ್ಣದಿದ್ರೂ ನಡೀತೈತಿ, ಮೈ ಹಗೂರ ಇರಬೇಕು."

"ನೋರು ಮೂಯ್!" ಎಂದು ಅಪ್ಪ ತೆಲುಗಿನಲ್ಲಿ ಅವನ ಬಾಯಿ ಮುಚ್ಚಿಸಿದ. ಸಿಟ್ಟು ನೆತ್ತಿಗೇರಿದಾಗ ಅಪ್ಪನಿಗೆ ಕನ್ನಡ ಸಾಲುತ್ತಿರಲಿಲ್ಲ.

ಎರಡನೆಯದು ನೇಮಕಲ್ಲಿನ ದಾರಿಯಲ್ಲಿ ಸಿಕ್ಕಿತು. ಚಪ್ಪಟೆ ಮೂಗಿನ ಚಿಕ್ಕ ಕಾರು, ಹೊಸ ಕೆಂಪು ಬಣ್ಣ, ಮದುಮಗಳ ಹಾಗೆ ನಿಂತಿತ್ತು. ಅಪ್ಪನಿಗೂ ಅದರ ಹೊಳಪು ಹಿಡಿಸಿತ್ತು. ಚಿಕ್ಕಪ್ಪ ನೆಲಕ್ಕೆ ಬಿದ್ದ ಸೂಜಿ, ಗುಂಡುಪಿನ್ನು ಹೆಕ್ಕಲು ಮನೆಯಲ್ಲಿ ಇಟ್ಟಿದ್ದ ಅಯಸ್ಕಾಂತವನ್ನು ನನ್ನ ಕೈಯಲ್ಲಿ ಕೊಟ್ಟು ಕರೆದುಕೊಂಡು ಹೋಗಿದ್ದ. ಬಣ್ಣ ಗೀರಬಾರದೆಂದು ಅದಕ್ಕೊಂದು ಅರಿವೆ ಸುತ್ತಿ, ಕಾರಿನ ಮೈಯ ಮೇಲೆ ಮೆಲ್ಲಗೆ ಆಡಿಸಲು ಹೇಳಿದ. ಬಾನೆಟ್ಟಿಗೆ ಅದು ಗಪ್ಪನೆ ಹಿಡಿಯಿತು. ಬಾಗಿಲಿನ ಕೆಳಗೆ, ಚಕ್ರದ ಮೇಲಿನ ಕಮಾನಿಗೆ ಇಟ್ಟಾಗ ಜಾರಿ ನನ್ನ ಕಾಲ ಮೇಲೆ ಬಿತ್ತು. ಅಲ್ಲಿ ಕಬ್ಬಿಣವನ್ನು ತುಕ್ಕು ತಿಂದುಹಾಕಿತ್ತು, ಬರೀ ಪುಟ್ಟಿಯ ಲಪ್ಪ ಮೆತ್ತಿ ಬಣ್ಣ ಬಳಿದಿದ್ದರು. ಮಾರುವವನು ನನ್ನನ್ನು ಗದರಿದ. ಅಪ್ಪ ಅವನನ್ನು ಬಿಟ್ಟು ನನ್ನ ಕೆನ್ನೆಗೇ ಬಾರಿಸಿದ, ದೊಡ್ಡವರು ನೋಡುವ ಸಾಮಾನಿಗೆ ಕೈ ಹಾಕಿದ್ದಕ್ಕೆ. ನನ್ನನ್ನು ಕರೆದುಕೊಂಡು ಹೋದ ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ದ. ಅಯಸ್ಕಾಂತವನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ, ಅಷ್ಟೇ.

ಮೂರನೆಯದು ಅವ್ವನ ತವರಿನಲ್ಲಿತ್ತು. ಬೆಂಗಳೂರಿನಲ್ಲಿ ಯಾವುದೋ ಹಳೆಯ ಬಂಗಲೆ ಕೆಡವುವಾಗ ರಂಗಪ್ಪ ಮಾವ, ಅಂದರೆ ಅವ್ವನ ಅಣ್ಣ, ಬಾಗಿಲು ಕಿಟಕಿಗಳ ಜೊತೆ ಲಾರಿಗೆ ಹಾಕಿಸಿಕೊಂಡು ಬಂದಿದ್ದ ವಿಲಾಯಿತಿ ಕಾರು. ಎರಡೇ ಸೀಟು, ಮೇಲೆ ಮಡಚುವ ಕ್ಯಾನ್ವಾಸು. ಹುಳು ಸಾಕುವ ಮನೆಯ ಪಕ್ಕದ ಚಪ್ಪರದಲ್ಲಿ, ಹಿಪ್ಪುನೇರಳೆ ಕಡ್ಡಿಯ ಹೊರೆಗಳ ನಡುವೆ ನಿಂತಿತ್ತು. ಚಿಕ್ಕಪ್ಪ, ಅವ್ವ, ನಾನು ಬಸ್ಸು ಬದಲಿಸುತ್ತ ಹೋದೆವು.

"ತಗೊಂಡೋಗು ಕಣಪ್ಪ," ಎಂದ ಮಾವ. "ಇಲ್ಲಿದ್ದು ಏನು ಮಾಡ್ತೈತೆ? ಕೋಳಿ ಒಳಿಕೋಗಿ ಮೊಟ್ಟೆ ಇಕ್ತವೆ, ನಾವು ಬಗ್ಗಿ ಎತ್ಕಬೇಕು."

ಚಿಕ್ಕಪ್ಪ ನಗಲಿಲ್ಲ. ಬಣ್ಣ ಹೋಗಿದ್ದನ್ನಾಗಲಿ, ದೀಪ ಒಡೆದಿದ್ದನ್ನಾಗಲಿ ನೋಡಲೂ ಇಲ್ಲ. ಅಂಗಾತ ಕೆಳಗೆ ತೂರಿ, ತಳದ ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚುತ್ತ ಹೋದ. ಎಲ್ಲಿಯೂ ಒಳಗಿಳಿಯಲಿಲ್ಲ, ತುಕ್ಕು ಹತ್ತಿರಲಿಲ್ಲ. ಮಡಕಶಿರಾದ ಒಣ ಗಾಳಿ ಕಾರಿಗೆ ಒಳ್ಳೆಯದು ಮಾಡಿತ್ತು. ಎಂಜಿನ್ನನ್ನು ಕೈಯಿಂದ ತಿರುಗಿಸಿದ. ಬಿಗಿದು ಕೂತಿರಲಿಲ್ಲ, ನರಳುತ್ತ ತಿರುಗಿತು. ಆಮೇಲೆ ಮಾವನೂ ಅವನೂ ಹಿಂಬದಿಗೆ ಕೈ ಕೊಟ್ಟು ಎತ್ತಿದರು. ಖಾಲಿ ಹಂಡೆ ಎತ್ತಿದಂತೆ ಎದ್ದು ಬಂತು. ಚಿಕ್ಕಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮೊದಲು ಕಂಡಿರಲಿಲ್ಲ. ನನಗೂ ಖುಷಿಯಾಯಿತು, ಅದನ್ನು ಮುಚ್ಚಿಡುವುದೇನು. ಅವ್ವ ಕಾರನ್ನು ನೋಡುತ್ತಿರಲಿಲ್ಲ. ಗಂಡನ ಮನೆಯವರು ತವರಿನಿಂದ ಏನನ್ನೋ ಕೇಳಿ ಒಯ್ಯುತ್ತಿದ್ದಾರೆ ಎಂಬುದೇ ಅವಳಿಗೆ ದೊಡ್ಡದಾಗಿತ್ತು. ಅಂದು ಅಣ್ಣನ ಮನೆಯ ಹಿತ್ತಲಿನಲ್ಲಿ ಅವಳು ಮೆತ್ತಗೆ ಮಾತಾಡಿದಳು.

ಕಾರು ಟೆಂಪೋಗೆ ಕಟ್ಟಿಸಿಕೊಂಡು ರಾಯದುರ್ಗದ ಓಣಿಗೆ ಬಂದ ದಿನ ಅಪ್ಪ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತ.

"ಹೆಣ್ಣು ಕೊಟ್ಟಾಗ ಒಂದ್ ಸೈಕಲ್ ಕೊಡ್ಲಿಲ್ಲ. ಈಗ ಕೋಳಿಗೂಡು ಕಳಿಸ್ಯಾರ ನೋಡ್ರಿ!"

"ಕೋಳಿಗೂಡೋ, ದನದ ಕೊಟ್ಟಿಗಿಯೋ, ನಾ ಇದನ್ನ ಆರಿಸೀನಿ," ಎಂದ ಚಿಕ್ಕಪ್ಪ. "ಬ್ಯಾಡ ಅಂದ್ರ ಹೇಳು, ಇವತ್ತ ಹೊಂಟೆ. ಸಮವಸ್ತ್ರ ನೀನ ಹೊಲ್ಕೋ."

ಸಮವಸ್ತ್ರದ ಹೊಲಿಗೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅಪ್ಪ ಒಳಗೆ ಹೋಗಿ ಕತ್ತರಿ ಹಿಡಿದ. ಮುಂದಿನ ದಿನಗಳಲ್ಲಿ ಅಂದಂದಿನ ಹೊಲಿಗೆ ಮುಗಿದ ಮೇಲೆ ಸಂಜೆ ಹಿತ್ತಲಿನಲ್ಲಿ ಚಿಕ್ಕಪ್ಪನ ಕೆಲಸ ನಡೆಯುತ್ತಿತ್ತು, ನಾನು ಪಾನಾ ಎತ್ತಿಕೊಡುತ್ತಿದ್ದೆ. ಕೂಡಿಸಿದ್ದಕ್ಕಿಂತ ಅವನು ಕಿತ್ತದ್ದೇ ಹೆಚ್ಚು. ಮುಂದಿನ ಹಿಂದಿನ ಬಂಪರು, ಕ್ಯಾನ್ವಾಸು, ಅದರ ಕಂಬಿಗಳು, ನೆಲದ ಜಮಖಾನೆ, ಬಾಗಿಲಿನ ಒಳಗಿನ ಹಲಗೆ, ಎಲ್ಲ ಹೋಯಿತು. ಕಿತ್ತದ್ದನ್ನು ಒಂದೊಂದಾಗಿ ನನ್ನ ಕೈಗೆ ಕೊಡುತ್ತ, ಇಷ್ಟು ಭಾರ ಇಳಿಯಿತು ನೋಡು ಎನ್ನುತ್ತಿದ್ದ. ತಿರುವಿನಲ್ಲಿ ಮೈ ಹೊರಗೆ ಎಸೆದುಹೋಗದ ಹಾಗೆ ಸೀಟಿಗೆ ಪಟ್ಟಿ ಹಾಕಿದ, ತಲೆಯ ಹಿಂದೆ ಕಬ್ಬಿಣದ ಕಮಾನು ಬೆಸುಗೆ ಮಾಡಿಸಿದ. ಕೊನೆಗೆ ಉಳಿದದ್ದು ಎಂಜಿನ್ನು, ಚಕ್ರ, ತಗಡಿನ ತೊಟ್ಟಿಯಂಥ ಒಳಮೈ. ಕುಟ್ಟಿದರೆ ಠಣ್ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಚಿಕ್ಕಪ್ಪನಿಗೆ ಹಿತ, ಅಪ್ಪನಿಗೆ ಹಲ್ಲುನೋವು.

ಓಟದ ಹಿಂದಿನ ದಿನ ಚಿಕ್ಕಪ್ಪ ಹೆಸರು ಕೊಡಲು ಬಳ್ಳಾರಿಗೆ ಹೋದ. ಅವನ ಬಸ್ಸು ಊರು ಬಿಡುವುದನ್ನೇ ಕಾಯುತ್ತಿದ್ದವನಂತೆ ಅಪ್ಪ ಹೊಲಿಗೆಯವರನ್ನೆಲ್ಲ ಮನೆಗೆ ಕಳಿಸಿ, ಟೇಪು ಹಿಡಿದು ಹಿತ್ತಲಿಗೆ ಬಂದ. ಕಾರಿನ ಒಳಗಿನ ಅಳತೆ ತೆಗೆದ. ಅತ್ಯಂತ ದಪ್ಪನೆಯ ಜೀನ್ಸ್ ಬಟ್ಟೆಯ ಥಾನು ಇಳಿಸಿದ. ಒಳಗೆ ಹತ್ತಿ ತುಂಬಿ, ಪ್ಲೈವುಡ್ಡಿಗೆ ಬಿಗಿದು, ಅಡ್ಡ ಉದ್ದ ಜೋಡಿಹೊಲಿಗೆ ಹಾಕಿ, ಸೀಟಿಗೆ, ಎರಡೂ ಬಾಗಿಲಿಗೆ, ನೆಲಕ್ಕೆ, ಸೀಟಿನ ಹಿಂದಿನ ಗುಂಡಿಗೆ, ಕೊನೆಗೆ ಆ ಕಬ್ಬಿಣದ ಕಮಾನಿಗೂ ಅಸ್ತರು ಹಾಕಿದ. ಒಳಗೆ ಬಟ್ಟೆ ಬಿಡುವುದನ್ನು ಅಲ್ಲಿಯೂ ಮರೆಯಲಿಲ್ಲ. ಕೆಲಸ ಮಾತ್ರ ಬಂಗಾರದಂಥದ್ದು, ಒಂದು ಹೊಲಿಗೆ ಸೊಟ್ಟ ಇರಲಿಲ್ಲ. ಸಂಜೆ ಬಂದ ಚಿಕ್ಕಪ್ಪ ಕಾರಿನ ಬಾಗಿಲು ತೆರೆದು ನೋಡಿದ.

"ನನ್ನ ಮನಿಯಿಂದ ಹೋಗೋ ಸಾಮಾನು ಅಸ್ತರ ಇಲ್ದಂಗ, ಬೆತ್ತಲ ಹೋಗಂಗಿಲ್ಲ," ಎಂದು ಅಪ್ಪ ಒಳಗೆ ಹೋದ.

ಚಿಕ್ಕಪ್ಪ ಸೀಟಿನಲ್ಲಿ ಕೂತ. ತಗಡಿಗೆ ಗುದ್ದಿದ, ಸದ್ದು ಬರಲಿಲ್ಲ. ವಾರಗಟ್ಟಲೆ ಕಿತ್ತು ಇಳಿಸಿದ ಭಾರವೆಲ್ಲ ಒಂದೇ ಹಗಲಿನಲ್ಲಿ ವಾಪಸು ಬಂದು ಕೂತಿತ್ತು.

"ಕಿತ್ತು ಬಿಸಾಕು ಚಿಕ್ಕಪ್ಪ," ಎಂದೆ. "ನಾನೇ ಬ್ಲೇಡ್ ತರ್ತೀನಿ."

"ಅಣ್ಣನ ಹೊಲಿಗಿ ಮ್ಯಾಗ ನಾ ಬ್ಲೇಡ್ ಇಡಂಗಿಲ್ಲ. ನೀನೂ ಇಟ್ಟಿ ಅಂದ್ರ ಕೈ ಮುರೀತೀನಿ."

ನಮ್ಮ ಹೊಲಿಗೆಯವರ ಮನೆಗಳಲ್ಲಿ ಹೊಲಿದವನೇ ಬಿಚ್ಚಬೇಕು. ಎಂಥ ತಪ್ಪು ಹೊಲಿಗೆಯಾದರೂ ಅವನ ಮುಂದಿಟ್ಟು ಬಿಚ್ಚಿಕೊಡು ಎಂದು ಕೇಳಬೇಕು. ಹೊಲಿದವನು ಸತ್ತಿದ್ದರೆ ಮಾತ್ರ ಇನ್ನೊಬ್ಬರು ಬಿಚ್ಚುತ್ತಾರೆ. ಬದುಕಿರುವವನ ಹೊಲಿಗೆ ಬಿಚ್ಚುವುದೆಂದರೆ ಅವನಿಗೆ ಎಳ್ಳುನೀರು ಬಿಟ್ಟ ಹಾಗೆ. ಅಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಾರನ್ನು ಹಾಳು ಮಾಡಬೇಕೆಂದಿದ್ದರೆ ಒಂದು ಹಿಡಿ ಮಣ್ಣನ್ನು ಪೆಟ್ರೋಲಿಗೆ ಹಾಕಿದ್ದರೆ ಸಾಕಿತ್ತು, ಆದರೆ ಅದು ದ್ರೋಹವೆನಿಸಿಕೊಳ್ಳುತ್ತದೆ. ಅಸ್ತರು ಪ್ರೀತಿಯೆನಿಸಿಕೊಳ್ಳುತ್ತದೆ. ತಮ್ಮನನ್ನು ಕಟ್ಟಿಹಾಕಲು ಅವನಿಗೆ ಹಗ್ಗ ಬೇಕಾಗಲಿಲ್ಲ, ದಾರದಲ್ಲೇ ಮುಗಿಸಿದ.

ಮರುದಿನ ಅಪ್ಪ ಬುತ್ತಿ ಕಟ್ಟಿಸಿಕೊಂಡು, ಬಟ್ಟೆಯ ಟೆಂಪೋದಲ್ಲಿ ಮನೆಮಂದಿಯನ್ನೆಲ್ಲ ಬಯಲಿಗೆ ಕರೆದೊಯ್ದ. ಸೋಲು ನೋಡಲು ಸಾಕ್ಷಿಗಳು ಬೇಕಿತ್ತು. ಮಡಕಶಿರಾದಿಂದ ರಂಗಪ್ಪ ಮಾವನೂ ಬಂದಿದ್ದ. ಬಿಸಿಲು, ಧೂಳು, ಎಂಜಿನ್ನುಗಳ ಅರಚಾಟ. ನಮ್ಮ ಕಾರಿನ ಒಳಗನ್ನು ನೋಡಲು ಜನ ಮುತ್ತಿದರು. ಇದು ಓಟದ ಕಾರೋ, ಮದುವೆಯ ಮಂಚವೋ ಎಂದು ಒಬ್ಬ ಕೇಳಿದ. ಅದು ಅಣಕವೆಂಬುದೂ ಅಪ್ಪನಿಗೆ ತಿಳಿಯಲಿಲ್ಲ, ಅಥವಾ ತಿಳಿಯದವನಂತೆ ಇದ್ದ. ಎದೆಯುಬ್ಬಿಸಿಕೊಂಡು ಮಾವನ ಕಡೆ ಬೆರಳು ಮಾಡಿದ.

"ಇವ್ರ ಮನಿಯಿಂದ ಬಂದದ್ದ್ರೀ. ಬರೇ ಮೈಲೆ ಬಂದಿತ್ತು. ಇವ್ರ ಮನಿಯಿಂದ ಬಂದದ್ದೆಲ್ಲ ಹಂಗ. ಹೆಂಡ್ತೀನೂ ಹಂಗ ಬಂದ್ಲು, ನಾ ಬಟ್ಟಿ ತೊಡಿಸಿದೆ."

ಜನ ನಕ್ಕರು. ಮಾವ ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಮಡಚತೊಡಗಿದ. ಬುತ್ತಿಯ ಗಂಟು ಬಿಚ್ಚುತ್ತಿದ್ದ ಅವ್ವ ಎದ್ದಳು. ಟೆಂಪೋದಲ್ಲಿದ್ದ ಹೊಲಿಗೆಯ ಡಬ್ಬಿಯಿಂದ ಬ್ಲೇಡು ತೆಗೆದುಕೊಂಡು ನೇರ ಕಾರಿನ ಹತ್ತಿರ ಹೋದಳು. ಬಾಗಿಲಿನ ಅಸ್ತರಿಗೆ ಬ್ಲೇಡು ಇಟ್ಟು ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತಕ್ಕೆ ಸೀಳಿದಳು. ಹತ್ತಿ ಹೊರಗೆ ಬಿತ್ತು.

"ಏಯ್! ನಾ ಇನ್ನ ಬದುಕೀನಿ!" ಎಂದು ಅಪ್ಪ ಕಿರುಚಿದ.

"ಯಾವನಿಗೆ ಗೊತ್ತು?" ಎಂದಳು ಅವ್ವ, ತಲೆ ಎತ್ತದೆ. "ನನ್ನ ಪಾಲಿಗೆ ಯಾವತ್ತೋ ಸತ್ತೆ ಕಣಣ್ಣ."

ಅವನು ಅಣಕಿಸುತ್ತಿದ್ದ ರಾಗದಲ್ಲೇ ಅಂದಳು. ನೆಲದ್ದು, ಸೀಟಿನದು, ಕಮಾನಿನದು, ಎಲ್ಲವನ್ನೂ ಸೀಳಿ ಸೀಳಿ ಎಸೆದಳು. ಯಾರೂ ತಡೆಯಲಿಲ್ಲ, ಚಿಕ್ಕಪ್ಪನೂ ಸಹಾಯ ಮಾಡಲಿಲ್ಲ, ದೂರ ನಿಂತು ಅವಳ ಕೆಲಸ ಮುಗಿಯುವುದನ್ನು ಕಾದ. ಇವತ್ತಿಗೂ ನಮ್ಮ ಬಳಗದಲ್ಲಿ ಅವ್ವ ಮೈದುನನ ಬಾಳು ಉಳಿಸಿದಳು ಎನ್ನುತ್ತಾರೆ. ಮೈದುನ ಅವಳ ಲೆಕ್ಕದಲ್ಲೇ ಇರಲಿಲ್ಲ. ತನ್ನ ಅಣ್ಣನ ಮುಖದ ಮುಂದೆ ಬಿದ್ದ ಮಾತಿಗೆ ಅವಳು ಲೆಕ್ಕ ತೀರಿಸಿದಳು, ಸರಿಯಾಗಿಯೇ ತೀರಿಸಿದಳು. ಆ ಹೊತ್ತಿನ ಅವ್ವನನ್ನು ನಾನು ಪೂಜಿಸಿದೆ.

ಚಿಕ್ಕಪ್ಪ ಗೆದ್ದ. ದೊಡ್ಡ ಎಂಜಿನ್ನಿನ ಕಾರುಗಳು ನೆಟ್ಟನೆಯ ದಾರಿಯಲ್ಲಿ ಗುಡುಗುತ್ತ ಹೋಗಿ, ತಿರುವಿನಲ್ಲಿ ಹೊರಗೆ ಜಾರಿ ಮಣ್ಣಿನ ದಿಬ್ಬಕ್ಕೆ ಮುಖ ಕೊಟ್ಟವು. ನಮ್ಮದು ನೊಣದ ಹಾಗೆ ಬಂದು, ತಡ ಮಾಡಿ ಬ್ರೇಕು ಹಿಡಿದು, ಸರಕ್ಕನೆ ಹೊರಳಿ, ಇನ್ನೊಂದು ತಿರುವಿಗೆ ಓಡಿಹೋಗಿಬಿಟ್ಟಿತ್ತು. ಎರಡನೆಯವನಿಗೂ ಅವನಿಗೂ ರೆಪ್ಪೆ ಬಡಿಯುವಷ್ಟು ಅಂತರ. ಒಂದು ಬಾಗಿಲಿನ ಅಸ್ತರು ಉಳಿದಿದ್ದರೂ ಆ ರೆಪ್ಪೆ ಇನ್ನೊಬ್ಬನ ಪಾಲಾಗುತ್ತಿತ್ತು. ಅಪ್ಪ ಬುತ್ತಿಯನ್ನು ಉಣ್ಣದೆ ನಾಯಿಗೆ ಹಾಕಿದ.

ಎಲ್ಲರ ಮುಂದೆ ಆಡಿದ ಮಾತಾದ್ದರಿಂದ ತಪ್ಪುವಂತಿರಲಿಲ್ಲ. ಚಿಕ್ಕಪ್ಪ ಅದೇ ಕಾರು ತೆಗೆದುಕೊಂಡು ಮಡಕಶಿರಾಕ್ಕೆ ಹೋದ. ಮಾವನ ಜಾಗದಲ್ಲೇ ಶೆಡ್ಡು ಹಾಕಿದ. ಈಗ ಹಳೆಯ ಕಾರಿನ ಶೋಕಿಯ ಹುಡುಗರು ಎಲ್ಲೆಲ್ಲಿಂದಲೋ ಅವನನ್ನು ಹುಡುಕಿಕೊಂಡು ಬರುತ್ತಾರೆ. ಕಳೆದ ತಿಂಗಳು ಯಾರೋ ನನಗೆ ಫೋನಿನಲ್ಲಿ ಅವನ ವಿಡಿಯೋ ತೋರಿಸಿದರು. ಬಿಳಿ ಮೀಸೆಯ ಚಿಕ್ಕಪ್ಪ ನಗುನಗುತ್ತ ಹೇಳುತ್ತಿದ್ದ: ಓಟಕ್ಕೆ ಕಾರು ಆರಿಸುವಾಗ ಬಣ್ಣ ನೋಡಬೇಡಿ, ತಳದ ಪಟ್ಟಿ ನೋಡಿ, ಶಕ್ತಿ ಆಮೇಲೆ ತುಂಬಬಹುದು, ಹುಟ್ಟಿನ ಭಾರ ಇಳಿಸುವುದು ಕಷ್ಟ. ಅವೆಲ್ಲ ನಿಜ. ಆಮೇಲೆ, ನಮ್ಮಣ್ಣ ದೇವರಂಥವನು, ಪ್ರೀತಿಯಿಂದ ಅಸ್ತರು ಹೊಲಿದು ಕೊಟ್ಟಿದ್ದ, ನಮ್ಮದು ತುಂಬಿದ ಮನೆ ಎಂದ. ಅತ್ತಿಗೆಯ ಹೆಸರು ಬಾಯಿಗೆ ಬರಲಿಲ್ಲ. ನನ್ನದು ಬರುವ ಮಾತೇ ಇಲ್ಲ. ನನ್ನ ರಕ್ತ ಕುದಿಯಿತು, ಆ ಕುದಿತಕ್ಕೇ ಇಷ್ಟನ್ನು ಬರೆದದ್ದು.

ಏಕೆಂದರೆ ಚಿಕ್ಕಪ್ಪ ಹೋದ ಮೇಲಿನ ಸೋಮವಾರ ನಾನು ಶಾಲೆಗೆ ಜಡೆ ಹಾಕಿಕೊಂಡು ಹೊರಟಾಗ, ಅಪ್ಪ ಕಟಿಂಗ್ ಟೇಬಲ್ಲಿನ ಹಿಂದಿನಿಂದ ಕರೆದ. ಅವನ ಮುಂದೆ ಕತ್ತರಿಸಿದ ಪ್ಯಾಂಟಿನ ಕಾಲುಗಳ ರಾಶಿ ಇತ್ತು. ಸಾಲಿನಲ್ಲಿ ಚಿಕ್ಕಪ್ಪನ ಮಿಷನ್ನು ಖಾಲಿ ನಿಂತಿತ್ತು.

"ಬ್ಯಾಗ್ ಇಡು. ಅಲ್ಲಿ ಕುಂದ್ರು."

ನಾನು ಅವ್ವನ ಕಡೆ ನೋಡಿದೆ. ಸಾವಿರ ಜನರ ನಡುವೆ ಗಂಡನ ಹೊಲಿಗೆಯನ್ನು ಸೀಳಿ ಎಸೆದವಳು ಅವಳು. ಈಗಲೂ ಒಂದು ಮಾತು ಆಡುತ್ತಾಳೆ, ಆಡಿಯೇ ಆಡುತ್ತಾಳೆ ಎಂದು ಕಾದೆ. ಅವಳು ಕೈ ಒರೆಸಿಕೊಳ್ಳುತ್ತ ಬಂದು ನನ್ನ ಹೆಗಲಿನಿಂದ ಬ್ಯಾಗನ್ನು ಇಳಿಸಿದಳು. ಸ್ಟೂಲನ್ನು ಮಿಷನ್ನಿನ ಹತ್ತಿರಕ್ಕೆ ಎಳೆದಳು.

"ಕಾಲು ಎಟುಕ್ತೈತಾ ನೋಡು," ಎಂದಳು.

ಎಟುಕುತ್ತಿತ್ತು.